ಕರಿಮೀಸೆಯ ಮಗ, ಬೂದುಗುದುರೆಯ ಮೊಮ್ಮಗ

ಬುರುಲ್ಚಾ ತನ್ನ ಮಾವನ ಹೆಸರನ್ನು ಐವತ್ತೇಳು ವರ್ಷಗಳಲ್ಲಿ ಒಂದು ಸಲವೂ ಬಾಯಿಬಿಟ್ಟು ಹೇಳಿದವಳಲ್ಲ. ಗಂಡನ ಹೆಸರು, ಮಾವನ ಹೆಸರು, ಮಾವನ ಹಿಂದಿನವರ ಹೆಸರು, ಗಂಡನ ಅಣ್ಣಂದಿರ ಹೆಸರು ಸೊಸೆಯ ನಾಲಿಗೆಗೆ ತಾಗಬಾರದು ಎಂಬುದು ಅವಳು ಮುಸುಕು ಹೊದ್ದು ಹೊಸ್ತಿಲು ದಾಟಿದ ದಿನ ಅತ್ತೆ ಹೇಳಿಕೊಟ್ಟ ಮೊದಲ ಪಾಠ. ಎರಡನೆಯ ಪಾಠ ಕುರಿಯ ತಲೆ ಸುಡುವುದು. ಎರಡರಲ್ಲೂ ಪಾಸಾದಳು. ಹೆಸರು ಹೇಳದಿದ್ದರೂ ಸಂಸಾರ ನಡೆಯಬೇಕಲ್ಲ, ಅದಕ್ಕೆ ಸೊಸೆಯಂದಿರು ತಮಗೆ ತೋಚಿದ ಅಡ್ಡಹೆಸರು ಇಟ್ಟುಕೊಳ್ಳುತ್ತಾರೆ. ಮಾವ ಸಾಮೂಹಿಕ ಹೊಲದಲ್ಲಿ ಟ್ರ್ಯಾಕ್ಟರು ಓಡಿಸುತ್ತಿದ್ದರು. ಇವಳು ಅವರನ್ನು ‘ಟ್ರ್ಯಾಕ್ಟರಿನವರು’ ಎಂದಳು. ಕಾಲ ಕಳೆಯಿತು. ಮಾವ ಸತ್ತರು, ಟ್ರ್ಯಾಕ್ಟರು ಗುಜರಿಗೆ ಹೋಯಿತು, ಟ್ರ್ಯಾಕ್ಟರು ಕೊಟ್ಟ ಸರ್ಕಾರವೂ ಗುಜರಿಗೆ ಹೋಯಿತು. ‘ಟ್ರ್ಯಾಕ್ಟರಿನವರು’ ಮಾತ್ರ ಉಳಿದುಕೊಂಡರು.

ಇಸಿಕ್-ಕುಲ್ ಸರೋವರದ ದಕ್ಷಿಣ ದಂಡೆಯ ಸಾರಿ-ಬುಲುಂಗ್ ಅವಳ ಊರು. ನಾಲ್ಕನೇ ಕ್ಲಾಸು ಮುಗಿಸಿ, ಐದನೆಯದಕ್ಕೆ ಹೋಗುವ ಬದಲು ಹಸು ಹಿಂಡಲು ಹೋದಳು. ಮೂವತ್ತೆರಡು ವರ್ಷ ಹಿಂಡಿದಳು. ಸರ್ಕಾರ ಕೊಟ್ಟ ಪದಕ ಈಗ ಕಿಟಕಿಯ ಪರದೆ ಗಾಳಿಗೆ ಹಾರದಂತೆ ಅದರ ಅಂಚಿಗೆ ಹೊಲಿಸಿಕೊಂಡು ತೂಗುತ್ತಿದೆ. ಗಂಡ ಸಾದಿರ್ ಅರವತ್ತೆರಡನೆಯ ವಯಸ್ಸಿನಲ್ಲಿ ಜಲ್ದರು ಮರದಿಂದ ಬಿದ್ದು ಸತ್ತ. “ಮರ ಹತ್ತಬೇಡಿ ಅಂದೆ, ಹತ್ತಿದ್ರು. ಕೆಳಗಿಳೀರಿ ಅಂದೆ, ಇಳಿದ್ರು,” ಎಂದು ಅವಳು ಸಂತಾಪಕ್ಕೆ ಬಂದವರಿಗೆ ಹೇಳಿದಳಂತೆ. ಅತ್ತದ್ದು ಆಮೇಲೆ, ಮರಕ್ಕೆ ಒರಗಿ, ಮರವನ್ನು ಬೈಯುತ್ತಾ.

ಅವಳ ಮನೆಗೆ ಊರಿನವರು ಇಟ್ಟ ಹೆಸರು ‘ಮೂರು ತಂದೆಯ ಮನೆ’. ನದಿಯ ಮೂಲ ಕೇಳಬಾರದು ಎನ್ನುವ ಜನ ಬೇರೆಲ್ಲಾದರೂ ಇರಬಹುದು. ಈ ದಂಡೆಯಲ್ಲಿ ಕುದುರೆಯ ಮೂಲ, ಬೇಟೆಯ ಹದ್ದಿನ ಮೂಲ, ಕೊನೆಗೆ ಎದುರಿಗೆ ಬಂದವನ ಮೂಲ ಕೇಳದೆ ಯಾರೂ ಚಹಾ ಬಗ್ಗಿಸುವುದಿಲ್ಲ. ಐದು ವರ್ಷದ ಮಗು ಮೂಗು ಒರೆಸಿಕೊಳ್ಳುವುದನ್ನು ಕಲಿಯದಿದ್ದರೂ ತನ್ನ ಏಳು ತಂದೆಯರ ಹೆಸರು ಹೇಳಬೇಕು: ಅಪ್ಪ, ಅಪ್ಪನ ಅಪ್ಪ, ಅವನಪ್ಪ, ಹೀಗೆ ಏಳು. ಹೇಳಲಾಗದವನು ಗುಲಾಮ ಎಂದು ಗಾದೆ. ಬುರುಲ್ಚಾಳ ಮನೆಯ ಮಕ್ಕಳು ಉಸೆನ್, ಸಾದಿರ್, ಕಾಚ್‌ಕಿನ್ ಎಂದು ಮೂರು ಹೇಳಿ ನಿಲ್ಲುತ್ತಿದ್ದರು.

ಕಾಚ್‌ಕಿನ್ ಎಂದರೆ ಅವಳ ಮಾವ, ಆ ಟ್ರ್ಯಾಕ್ಟರಿನವರು. ಸಾವಿರದ ಒಂಬೈನೂರ ಹದಿನಾರನೇ ಇಸವಿಯಲ್ಲಿ ರಷ್ಯನ್ ಚಕ್ರವರ್ತಿಯ ಸೈನಿಕರಿಗೆ ಹೆದರಿ ಜನ ಹಿಮದ ಕಣಿವೆ ದಾಟಿ ಚೀನಾಕ್ಕೆ ಓಡಿದಾಗ ಆ ಹಾದಿಯಲ್ಲಿ ಹುಟ್ಟಿದ ಮಗು. ಆ ವರ್ಷ ಹುಟ್ಟಿದ ಅರ್ಧ ಗಂಡುಮಕ್ಕಳಿಗೆ ಅದೇ ಹೆಸರು. ‘ಓಡಿಹೋದವ’ ಎಂದು ಅರ್ಥ. ನಾಲ್ಕು ವರ್ಷದವನಾಗಿದ್ದಾಗ ಯಾರೋ ಹೆಂಗಸು ಕಾರಾಕೋಲ್ ಪೇಟೆಯ ಅನಾಥಾಲಯದಲ್ಲಿ ಬಿಟ್ಟುಹೋದಳು. ಅವನಿಗೆ ನೆನಪಿದ್ದದ್ದು ಅವಳ ಬೆನ್ನು, ಹೊಗೆ ವಾಸನೆಯ ಕುರಿಚರ್ಮದ ಅಂಗಿ, ಅಷ್ಟೆ. ಅನಾಥಾಲಯದವರು ತಂದೆಯ ಹೆಸರಿನ ಜಾಗದಲ್ಲಿ ಎಲ್ಲ ಮಕ್ಕಳಿಗೂ ಮೇಲ್ವಿಚಾರಕ ಪ್ಯೋತರ್‌ನ ಹೆಸರನ್ನೇ ಹಚ್ಚಿ ಕೈತೊಳೆದುಕೊಂಡರು. ಹೀಗೆ ಆ ಪುಣ್ಯಾತ್ಮನಿಗೆ ಒಂದೇ ವರ್ಷದಲ್ಲಿ ನಲವತ್ತು ಮಕ್ಕಳಾದವು.

ಇಷ್ಟು ವರ್ಷ ಬುರುಲ್ಚಾ ಇದನ್ನೆಲ್ಲ ಹೆಗಲ ಮೇಲೆ ಕೂತ ನೊಣದಂತೆ ಕೊಡವಿಕೊಂಡು ಬದುಕಿದಳು. ಆದರೆ ಎಪ್ಪತ್ತಾರನೆಯ ವಯಸ್ಸಿನಲ್ಲಿ, ಮೊಮ್ಮಗ ಎರ್ನಿಸ್‌ನ ಮದುವೆಯ ಮಾತು ಬಂದಾಗ, ಆ ನೊಣ ಕಚ್ಚಿತು.

ಎರ್ನಿಸ್ ಊರಿಗೂ ಕಾರಾಕೋಲಿಗೂ ನಡುವೆ ಬಾಡಿಗೆ ವ್ಯಾನು ಓಡಿಸುತ್ತಿದ್ದ. ಊರ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಬೆಗಿಮಾಯ್‌ಗೂ ಅವನಿಗೂ ಮನಸ್ಸು ಕೂಡಿತ್ತು. ಅವಳ ಕೈಯಲ್ಲಿ ಸೂಜಿ ಚುಚ್ಚಿಸಿಕೊಳ್ಳಲೆಂದೇ ಅವನಿಗೆ ಆ ಚಳಿಗಾಲದಲ್ಲಿ ಆರು ಸಲ ಜ್ವರ ಬಂತು. ಹುಡುಗಿಯ ಅಪ್ಪ ತಾಲಾಯ್ ಬಡಪಾಯಿ, ಯಾರು ಏನಂದರೂ ತಲೆಯಾಡಿಸುವವನು. ಆದರೆ ಅವನ ಅಪ್ಪ ಎಲ್ಮಿರ್ಜಾ ಮೇಷ್ಟ್ರು ಹಾಗಲ್ಲ. ಭೂಗೋಳ ಕಲಿಸಿ ನಿವೃತ್ತನಾದವನು. ಭೂಮಿಯ ಮೇಲೆ ಹೆಸರಿಡಲು ಇನ್ನೇನೂ ಉಳಿಯದೆ ಹೋದದ್ದಕ್ಕೆ ವಂಶಾವಳಿ ಬರೆಯಲು ಶುರು ಮಾಡಿದ್ದ. ಗೋಡೆಗೆ ಅಂಟಿಸುವ ಹೂವಿನ ಕಾಗದದ ಒಂದು ಇಡೀ ಸುರುಳಿಯ ಬೆನ್ನಿನ ಮೇಲೆ ಇಪ್ಪತ್ತೆರಡು ತಲೆಮಾರು. ಮದುವೆ, ಸಾವು, ಸುನ್ನತಿ, ಎಲ್ಲಿ ಹತ್ತು ಜನ ಸೇರಿದರೂ ಸುರುಳಿ ಅವನ ಕಂಕುಳಲ್ಲಿ.

ಜೂನ್ ತಿಂಗಳಲ್ಲಿ ಬುರುಲ್ಚಾ, ಮಗ ಉಸೆನ್ ಮತ್ತು ಎರ್ನಿಸ್ ಹುಡುಗಿಯ ಕಿವಿಗೆ ಓಲೆ ಹಾಕಿ ಮದುವೆ ಗೊತ್ತುಮಾಡಲು ಹೋದರು. ಬೆಳ್ಳಿಯ ಓಲೆ ಬುರುಲ್ಚಾಳ ಕರವಸ್ತ್ರದ ಗಂಟಿನಲ್ಲಿತ್ತು. ಗೋಧಿಹಿಟ್ಟಿನ ಬೋರ್ಸೋಕ್ ಕರಿದು ರಾಶಿ ಹಾಕಿದ್ದರು, ಚಹಾ ಬಗ್ಗಿಸಿದ್ದರು. ಅವಳು ಗಂಟಿಗೆ ಕೈ ಹಾಕಿದ್ದೇ ಮೇಷ್ಟ್ರು ಕೆಮ್ಮಿದ.

“ಅತ್ತಿಗೆ, ಓಲೆ ಎಲ್ಲೂ ಹೋಗಲ್ಲ. ಮೊದ್ಲು ಹುಡುಗ ಏಳು ತಂದೆ ಹೇಳ್ಲಿ.”

ಎರ್ನಿಸ್ ಹೇಳಿದ. “ಉಸೆನ್. ಸಾದಿರ್. ಕಾಚ್‌ಕಿನ್.”

“ಮುಂದೆ?”

“ಮುಂದೆ ರಸ್ತೆ ಇಲ್ಲ ಮೇಷ್ಟ್ರೇ.”

“ರಸ್ತೆ ಇಲ್ದಿರೋ ಕಡೆಗೆ ಮೊಮ್ಮಗಳನ್ನ ಹೇಗಪ್ಪಾ ಕಳಿಸ್ಲಿ?” ಎಂದು ಮೇಷ್ಟ್ರು ಸುರುಳಿ ಬಿಚ್ಚಿದ. ಅದು ಚಹಾದ ಬಟ್ಟಲುಗಳ ಮಧ್ಯೆ ಹರಿದು ಬಾಗಿಲವರೆಗೆ ಹೋಯಿತು. “ನೋಡಿ. ಇವನು ಎಸೆನ್‌ಬಾಕ್, ನನ್ನ ಮೊಮ್ಮಗಳಿಗೆ ಏಳನೇ ತಂದೆ. ನೂರು ಕುದುರೆ ಸವಾರರ ನಾಯಕ. ನಿಮ್ಮದೇನು? ನಾಲ್ಕನೇ ತಂದೆ ಪ್ಯೋತರ್ ಅಂತ ಬರ್ಕೊಳ್ಳೋಣ್ವಾ?”

ಉಸೆನ್ ತಲೆ ತಗ್ಗಿಸಿದ. ಬುರುಲ್ಚಾ ತಗ್ಗಿಸಲಿಲ್ಲ. ಕಿಟಕಿಯ ಬಿಸಿಲು ಸುರುಳಿಯ ಮೇಲೆ ಬಿದ್ದಿತ್ತು. ಎಸೆನ್‌ಬಾಕ್‌ನ ಹೆಸರಿನ ಕೆಳಗೆ ಒಂದು ಕಡೆ ಕಾಗದ ಉಜ್ಜಿ ಉಜ್ಜಿ ತೆಳ್ಳಗಾಗಿ ಹಿಂಬದಿಯ ಗುಲಾಬಿ ಹೂವು ಇಣುಕುತ್ತಿತ್ತು. ಹಸುವಿನ ಕೆಚ್ಚಲು ನೋಡಿ ಕಾಯಿಲೆ ಹೇಳುತ್ತಿದ್ದವಳ ಕಣ್ಣು ಅದು, ಸುಮ್ಮನೆ ಬಿಡುವುದಲ್ಲ. ನೋಡಿಟ್ಟುಕೊಂಡಳು.

“ಜಂಬ ಅಲ್ಲ ಅತ್ತಿಗೆ, ನಿಯಮ,” ಎಂದ ಮೇಷ್ಟ್ರು ದನಿ ಇಳಿಸಿ. “ಏಳು ತಂದೆಯೊಳಗೆ ರಕ್ತ ಒಂದೇ ಆದ್ರೆ ಅವರು ಅಣ್ಣ ತಂಗಿ. ನಿಮಗೆ ಗೊತ್ತಿಲ್ದಿರೋ ನಾಲ್ವರಲ್ಲಿ ಒಬ್ಬ ನಮ್ಮವನೇ ಆಗಿದ್ರೆ?”

“ನಿಮ್ಮನೆಯೋರ ಮೂಗು ನೋಡಿ ಮೇಷ್ಟ್ರೇ. ಬಾಗಿಲಿಗೆ ಮೊದ್ಲು ಅದು ಬರತ್ತೆ, ಆಮೇಲೆ ನೀವು. ನಮ್ಮನೇಲಿ ಅಂಥ ಮೂಗು ಯಾರಿಗಾದ್ರೂ ಇದ್ಯಾ?”

ಬೆಗಿಮಾಯ್ ಒಲೆಯ ಹಿಂದೆ ನಿಂತು ಕಿಸಕ್ಕೆಂದಳು. ಆದರೆ ಓಲೆ ಗಂಟಿನಲ್ಲೇ ಉಳಿಯಿತು. ಬೇಸಿಗೆ ಮುಗಿದು ಹುಲ್ಲುಗಾವಲಿಗೆ ಹೋದ ದನಕರು ಬೆಟ್ಟದಿಂದ ಇಳಿಯುವ ಹೊತ್ತಿಗೆ ಏಳು ಹೆಸರು ತಂದರೆ ಸರಿ, ಇಲ್ಲದಿದ್ದರೆ ಹುಡುಗಿಯನ್ನು ಬಾಲಿಕ್ಚಿಯ ಪಶುವೈದ್ಯನಿಗೆ ಕೊಡುವುದು ಎಂದು ಮೇಷ್ಟ್ರು ತೀರ್ಪು ಕೊಟ್ಟ. ಹೊರಗೆ ಬಂದ ಮೇಲೆ ಎರ್ನಿಸ್ ಹೇಳಿದ, “ಅಜ್ಜಿ, ನಾವಿಬ್ರೂ ಓಡಿಹೋಗ್ತೀವಿ.”

“ಬೇಡ. ಓಡಿಹೋಗಿದ್ದಕ್ಕೇ ಈ ಮನೆಗೆ ಈ ಗತಿ ಬಂದಿದೆ,” ಎಂದಳು ಬುರುಲ್ಚಾ.

ಮರುವಾರ ಅವಳು ಕಾರಾಕೋಲಿಗೆ ಹೊರಟಳು. ಉಸೆನ್ ಒಂದು ಚೀಟಿಯಲ್ಲಿ ಮಾವನ ಹೆಸರು, ಹುಟ್ಟಿದ ಇಸವಿ ಬರೆದುಕೊಟ್ಟಿದ್ದ. ಚೀಟಿಯನ್ನು ಅವಳು ಹುರಿದ ಗೋಧಿಯ ಪೊಟ್ಟಣದೊಳಗೆ ಇಟ್ಟಳು, ದಾರಿಯಲ್ಲಿ ಗೋಧಿ ತಿಂದಳು, ಪೊಟ್ಟಣವನ್ನು ಮುದುರಿ ವ್ಯಾನಿನ ಕಿಟಕಿಯಿಂದ ಎಸೆದಳು. ದಾಖಲೆ ಕಚೇರಿಯ ಕಿಟಕಿಯ ಮುಂದೆ ನಿಂತಾಗಲೇ ಚೀಟಿ ನೆನಪಾದದ್ದು.

ಕಿಟಕಿಯ ಆಚೆ ಪಟ್ಟಣದಲ್ಲೇ ಹುಟ್ಟಿ ಬೆಳೆದ ಒಬ್ಬ ಹುಡುಗಿ ಕೂತಿದ್ದಳು. ಉಗುರಿಗೆ ನೀಲಿ ಬಣ್ಣ.

“ಯಾರ ದಾಖಲೆ ಅಜ್ಜಿ?”

“ನನ್ನ ಮಾವನವರದ್ದು.”

“ಹೆಸರು?”

“ಹೇಳೋ ಹಾಗಿಲ್ಲ.”

“ಯಾಕೆ, ಪೊಲೀಸ್ ಕೇಸಾ?”

“ಸೊಸೆ ಕಣಮ್ಮ ನಾನು. ಹೇಳಬಾರ್ದು. ನೀನೇ ಹೇಳು, ನಾನು ತಲೆ ಆಡಿಸ್ತೀನಿ.”

“ಇಲ್ಲಿ ಎರಡು ಲಕ್ಷ ಹೆಸರಿದೆ ಅಜ್ಜಿ. ನಿಮ್ಮ ತಲೆ ಬಿದ್ದುಹೋಗತ್ತೆ.”

ಹಿಂದೆ ಸಾಲಿನಲ್ಲಿದ್ದ ಟೋಪಿಯವನೊಬ್ಬ ಗೊಣಗಿದ. ಬುರುಲ್ಚಾ ಯೋಚಿಸಿದಳು. “ನಾಯಿ ಅಟ್ಟಿಸ್ಕೊಂಡು ಬಂದ್ರೆ ಏನ್ಮಾಡ್ತಿ?”

“ಕಿರುಚ್ತೀನಿ.”

“ಕಿರುಚಿ?”

“ಓಡ್ತೀನಿ.”

“ಓಡಿಹೋದವನಿಗೆ ಏನಂತಾರೆ?”

“ಕಾಚ್‌ಕಿನ್?”

“ನೀನಂದೆ. ನಾನನ್ಲಿಲ್ಲ,” ಎಂದು ಬುರುಲ್ಚಾ ಕಿಟಕಿಯ ಕಟ್ಟೆಗೆ ಮೊಣಕೈ ಊರಿ ಉಸಿರು ಬಿಟ್ಟಳು.

ಹುಡುಗಿ ಒಳಗೆ ಹೋಗಿ ಅರ್ಧ ಗಂಟೆ ಬಿಟ್ಟು ದಪ್ಪ ದಾಖಲೆ ಪುಸ್ತಕ ಹೊತ್ತು ತಂದಳು. ಇಪ್ಪತ್ತನೇ ಇಸವಿಯ ಅನಾಥಾಲಯದ ಪುಸ್ತಕ, ರಷ್ಯನ್ ಗುಮಾಸ್ತನ ಗೀಚು. ಅದರಲ್ಲಿ ಹದಿನಾಲ್ಕು ಕಾಚ್‌ಕಿನ್‌ಗಳಿದ್ದರು. ಹುಡುಗಿ ಒಬ್ಬೊಬ್ಬರನ್ನೇ ಓದಿದಳು: ಒಬ್ಬನಿಗೆ ತಲೆಯಲ್ಲಿ ಹುಣ್ಣು, ಒಬ್ಬನಿಗೆ ಮಾತು ಬಾರದು, ಒಬ್ಬ ಬಂದ ವಾರಕ್ಕೆ ತೀರಿಕೊಂಡ, ಅವನ ಹಿಂದಿನವನೂ ತೀರಿಕೊಂಡ. ಬುರುಲ್ಚಾ ಒಬ್ಬೊಬ್ಬನಿಗೂ ಒಂದೊಂದು ಬೆರಳು ಮಡಚಿದಳು. ಹನ್ನೊಂದನೆಯವನ ಹತ್ತಿರ ಹುಡುಗಿ ಓದಿದಳು, “ಎಡಗಿವಿಯ ತುದಿ ಇಲ್ಲ, ಹಿಮಕ್ಕೆ ಉದುರಿದ್ದು.”

“ಅವರೇ,” ಎಂದಳು ಬುರುಲ್ಚಾ. “ಆ ಕಿವಿಗೆ ಟೋಪಿ ನಿಲ್ತಾ ಇರ್ಲಿಲ್ಲ. ನಾನೇ ದಾರ ಹೊಲಿದುಕೊಟ್ಟಿದ್ದೆ. ತಂದೆ ಯಾರಂತೆ?”

“ತಂದೆ, ಕರಿಮೀಸೆ. ಅಜ್ಜ, ಬೂದುಗುದುರೆ.” ಹುಡುಗಿ ತಾನೇ ಹುಬ್ಬೇರಿಸಿದಳು. “ವಿಚಿತ್ರ ಹೆಸರು. ತಂದು ಬಿಟ್ಟವರು, ಮಗುವಿನ ಚಿಕ್ಕಪ್ಪನ ಹೆಂಡತಿ, ಕೊಚ್ಕೋರಿನ ಬೊತೊಬಾಯ್‌ನ ಮಗಳು ಝಯ್ನಾಪ್.”

ಹುಡುಗಿ ನಕಲು ಬರೆದು, ಕೆಳಗೆ ಇನ್ನೊಂದು ಸಾಲು ಬರೆಯಲು ಪೆನ್ನೆತ್ತಿ, “ನೀವು ಯಾರ ಸೊಸೆ ಅಂತ ಹಾಕ್ಲಿ?” ಎಂದು ಕೇಳಿದಳು. ಬುರುಲ್ಚಾ ಕಣ್ಣೊರೆಸಿಕೊಳ್ಳುತ್ತಾ ಏನೋ ಅಂದಳು. ಹುಡುಗಿ ಬರೆದುಕೊಂಡು ಠಸ್ಸೆ ಒತ್ತಿದಳು.

ಎರಡು ಹೆಸರು ಸಿಕ್ಕಿತು ಎಂದು ಬುರುಲ್ಚಾ ಹಿಗ್ಗಿ ಬಂದದ್ದೇ ಬಂತು. ಮೇಷ್ಟ್ರು ಸುರುಳಿಯನ್ನು ಈ ತುದಿಯಿಂದ ಆ ತುದಿಗೆ ತಡವಿದ. ಪರಿಚಯದ ಇನ್ನೂ ನಾಲ್ವರು ವಂಶಾವಳಿಯ ಹುಚ್ಚರಿಗೆ ಫೋನು ಹಚ್ಚಿದ. ಇಡೀ ದಂಡೆಯಲ್ಲಿ ಯಾವ ವಂಶದಲ್ಲೂ ಕರಿಮೀಸೆ ಎಂಬ ಮನುಷ್ಯನಿರಲಿಲ್ಲ.

“ಕರಿಮೀಸೆಯ ಅಪ್ಪ ಬೂದುಗುದುರೆ,” ಎಂದ ಮೇಷ್ಟ್ರು ಊರ ಅಂಗಡಿಯ ಮುಂದೆ, ಎಲ್ಲರಿಗೂ ಕೇಳುವಂತೆ. “ಅದರಪ್ಪ ಯಾರು ಅತ್ತಿಗೆ, ಕೆಂಪುಗುದುರೆಯಾ? ವಂಶಾವಳಿ ಬಿಟ್ಟು ಲಾಯ ಹುಡುಕಿ.”

ಅಂದಿನಿಂದ ಊರ ಹುಡುಗರು ಎರ್ನಿಸ್‌ನ ವ್ಯಾನು ಕಂಡರೆ ಕೆನೆಯತೊಡಗಿದರು. ಬೆಟ್ಟದ ಮೇಲೆ ಹುಲ್ಲು ಹಳದಿಯಾಗುತ್ತಿತ್ತು. ಬಾಲಿಕ್ಚಿಯ ಪಶುವೈದ್ಯ ಒಂದು ಪೆಟ್ಟಿಗೆ ಕಲ್ಲುಸಕ್ಕರೆ ಕಳಿಸಿದ ಸುದ್ದಿ ಬಂತು.

ಜಲ್ದರು ಒಣಗಹಾಕುವ ದಿನ. ಅಂಗಳದಲ್ಲಿ ಬುರುಲ್ಚಾ ಹಣ್ಣು ಬಿಡಿಸುತ್ತಾ ಬೀಜ ಬೇರೆ, ತಿರುಳು ಬೇರೆ ಮಾಡುತ್ತಿದ್ದಳು. ಉಸೆನ್ ಆ ನಕಲನ್ನು ಒಲೆಗೆ ಹಾಕುವ ಮೊದಲು ಕೊನೆಯ ಸಲ ಎಂದು ಗಟ್ಟಿಯಾಗಿ ಓದಿದ, ಮೇಲಿನ ಸಾಲಿನಿಂದ ಠಸ್ಸೆಯವರೆಗೆ. “... ನಕಲು ಪಡೆದವರು, ಬುರುಲ್ಚಾ, ಟ್ರ್ಯಾಕ್ಟರಿನವರ ಸೊಸೆ.”

ಎರ್ನಿಸ್ ಬಿದ್ದು ಬಿದ್ದು ನಕ್ಕ. “ಅಜ್ಜಿ, ಆ ಹುಡುಗಿ ನಿಮ್ಮನ್ನ ಟ್ರ್ಯಾಕ್ಟರಿಗೆ ಮದುವೆ ಮಾಡಿಸಿದಾಳೆ. ನೂರು ವರ್ಷ ಆದ್ಮೇಲೆ ಯಾರೋ ಇದನ್ನ ಓದಿ ಟ್ರ್ಯಾಕ್ಟರಿನ ವಂಶ ಹುಡುಕ್ತಾರೆ.”

ಬುರುಲ್ಚಾಳ ಕೈಯಲ್ಲಿದ್ದ ಹಣ್ಣು ಕೈಯಲ್ಲೇ ನಿಂತಿತು. “ಇನ್ನೊಂದ್ಸಲ ಓದು.”

“ಟ್ರ್ಯಾಕ್ಟರಿನವರ ಸೊಸೆ.”

“ಅದಲ್ಲ. ಮಗುನ ತಂದು ಬಿಟ್ಟೋಳು ಯಾರು?”

“ಚಿಕ್ಕಪ್ಪನ ಹೆಂಡತಿ ಝಯ್ನಾಪ್.”

“ಚಿಕ್ಕಪ್ಪನ ಹೆಂಡ್ತಿ ಅಂದ್ರೆ ಮಗುವಿನ ಅಪ್ಪನ ತಮ್ಮನ ಹೆಂಡ್ತಿ. ಆ ಮನೆ ಸೊಸೆ.” ಅವಳು ಎದ್ದು ನಿಂತಳು, ಮಡಿಲಿನ ಬೀಜಗಳೆಲ್ಲ ಅಂಗಳದ ತುಂಬ ಉರುಳಿದವು. “ಗಂಡನ ಅಣ್ಣನ ಹೆಸ್ರು ಅವಳು ಹೇಗೆ ಹೇಳ್ತಾಳೆ? ಮಾವನ ಹೆಸ್ರು ಹೇಗೆ ಹೇಳ್ತಾಳೆ? ಸಾಯೋ ಹಾಗಿದ್ರೂ ಹೇಳಲ್ಲ. ಗುಮಾಸ್ತ ತಂದೆ ಯಾರು ಅಂದ, ಕರಿಮೀಸೆಯವರು ಅಂದ್ಲು. ಬರ್ಕೊಂಡ ಆ ಮುಠ್ಠಾಳ. ಈ ನೀಲಿ ಉಗುರಿನೋಳು ಬರ್ಕೊಂಡ ಹಾಗೇ.”

ಉಸೆನ್ ಬಾಯಿ ತೆರೆದ. “ಹಾಗಾದ್ರೆ ನಿಜವಾದ ಹೆಸರು?”

“ಅದು ಅವಳ ತವರಿನೋರಿಗೆ ಗೊತ್ತಿರತ್ತೆ. ಅವರೇನು ಆ ಮನೆ ಸೊಸೆಯಂದಿರಾ? ತನ್ನಪ್ಪನ ಹೆಸ್ರು ಹೇಳೋಕೆ ಅವಳಿಗೆ ಅಡ್ಡಿ ಇರ್ಲಿಲ್ಲ, ಹೇಳಿದಾಳೆ. ಕೊಚ್ಕೋರಿನ ಬೊತೊಬಾಯ್. ಮೇಷ್ಟ್ರ ಸುರುಳೀಲಿ ಹೆಂಗಸರೇ ಇಲ್ಲ. ಇಪ್ಪತ್ತೆರಡು ತಲೆಮಾರು ಗಂಡಸರು ಗಂಡಸರನ್ನೇ ಹೆತ್ತಿದಾರೆ. ಹಾಗಿದ್ಮೇಲೆ ಝಯ್ನಾಪ್ ಎಲ್ಲಿ ಸಿಗ್ತಾಳೆ? ಎರ್ನಿಸ್, ವ್ಯಾನು ತೆಗಿ.”

ಕೊಚ್ಕೋರಿನಲ್ಲಿ ಬೊತೊಬಾಯ್‌ನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬೊತೊಬಾಯ್‌ನ ಮಗನ ಮಗಳು ಅನಾರ್ಕುಲ್, ತೊಂಬತ್ತೆರಡರ ಮುದುಕಿ, ಅಲ್ಲೇ ಗಂಡನನ್ನು ಕಳಿಸಿಕೊಟ್ಟು, ಇಬ್ಬರು ಗಂಡುಮಕ್ಕಳನ್ನೂ ಕಳಿಸಿಕೊಟ್ಟು, ಹಲ್ಲುಗಳನ್ನೂ ಕಳಿಸಿಕೊಟ್ಟು, ಕಂಬಳಿ ಹಾಸಿನ ಮೇಲೆ ರಾಣಿಯಂತೆ ಕೂತಿದ್ದಳು. ಬುರುಲ್ಚಾ ಕುದುರೆ ಹಾಲಿನ ಕುಮಿಸ್ ಕುಡಿದು, ಕುಶಲ ಕೇಳಿ, ಕೊನೆಗೆ ಝಯ್ನಾಪ್‌ಳ ಹೆಸರೆತ್ತಿದಳು.

“ನಮ್ಮ ಸೋದರತ್ತೆ,” ಎಂದಳು ಅನಾರ್ಕುಲ್. “ಗಂಡ ಹಿಮದಲ್ಲಿ ಹೋದ. ಕಂಕುಳಲ್ಲಿದ್ದ ಮಗುನೂ ಹೋಯ್ತು. ಕರಿಮೀಸೆಯವರ ಮಗ ಮಾತ್ರ ಉಳಿದ, ಅವನ ಕಿವಿ ಚೂರು ಉದುರಿತ್ತು. ಹೊಟ್ಟೆಗಿಲ್ದೆ ಅವನೂ ಹೋಗ್ತಾನೆ ಅಂತ ಅನಾಥಾಲಯದಲ್ಲಿ ಬಿಟ್ಲು. ಎರಡು ವರ್ಷ ಬಿಟ್ಟು ಒಂದು ಕುರಿ ಹೊಡ್ಕೊಂಡು ಕರ್ಕೊಂಡು ಬರೋಕೆ ಹೋದ್ಲಂತೆ, ಅನಾಥಾಲಯನೇ ಬೇರೆ ಊರಿಗೆ ಎತ್ತಿದ್ರಂತೆ. ಎಲ್ಲಿಗೆ ಅಂತ ಯಾರೂ ಹೇಳ್ಲಿಲ್ಲ. ಕುರಿ ಹೊಡ್ಕೊಂಡು ವಾಪಸ್ ಬಂದ್ಲು. ಆ ಕುರೀನ ಕೊಯ್ಯೋಕೇ ಬಿಡ್ಲಿಲ್ಲ, ಮುದಿಯಾಗಿ ಸತ್ತಿತು.”

ಅನಾರ್ಕುಲ್ ತಾನೇ ಕೇಳಿದಳು, “ಬದುಕಿದ್ನಾ ಅವನು?”

“ಎಪ್ಪತ್ತೊಂದು ವರ್ಷ,” ಎಂದಳು ಬುರುಲ್ಚಾ. “ಒಂಬತ್ತು ಮಕ್ಕಳು. ಕುರಿ ತಲೆ ಅಂದ್ರೆ ಪ್ರಾಣ.”

ಮುದುಕಿ ಸೆರಗಿನಲ್ಲಿ ಮೂಗು ಹಿಂಡಿಕೊಂಡಳು. “ಹಾಗಾದ್ರೆ ಬರ್ಕೊಳ್ಳಿ. ಕರಿಮೀಸೆ ಅಂದ್ರೆ ಶಾಮೆನ್. ಅವನಪ್ಪ ಬೂದುಗುದುರೆ ಅಂದ್ರೆ ಬೊರೊನ್‌ಬಾಯ್. ಅವನಪ್ಪ ತೊಕೊಶ್, ಅವನಪ್ಪ ಚೊಮೊಯ್. ಅಲ್ಲಿಗೆ ಏಳಾಯ್ತಾ? ಚೊಮೊಯ್‌ನ ಅಪ್ಪ ಎಸೆನ್‌ಬಾಕ್.”

ಎರ್ನಿಸ್ ಬರೆಯುತ್ತಿದ್ದವನು ಪೆನ್ನು ಎತ್ತಿದ. “ಯಾವ ಎಸೆನ್‌ಬಾಕ್? ನೂರು ಸವಾರರ ನಾಯಕನಾ?”

“ನೂರು ಎಲ್ಲಿಂದ ಬಂತು? ಹದಿನೇಳು ಜನ. ಅದರಲ್ಲಿ ಐದು ಜನ ಅವನ ಭಾವಮೈದುನರು.”

ಎರ್ನಿಸ್‌ನ ಮುಖ ಹಾಲು ಒಡೆದಂತಾಯಿತು. ಎಸೆನ್‌ಬಾಕ್ ಬೆಗಿಮಾಯ್‌ಗೆ ಏಳನೇ ತಂದೆ. ತನಗೆ ಎಂಟನೆಯವನಾದರೇನು, ಅವಳ ಕಡೆಯಿಂದ ಏಳರೊಳಗೇ ಬಂದ. “ಅಜ್ಜಿ, ಬೇರು ಹುಡುಕೋಕೆ ಹೋಗಿ ನನ್ನ ಹುಡುಗೀನ ತಂಗಿ ಮಾಡಿಟ್ರಿ. ಮೂರು ತಂದೆ ಸಾಕಾಗಿತ್ತಲ್ಲ ನನಗೆ.”

ಬುರುಲ್ಚಾ ಬೆರಳಿನ ಗೆಣ್ಣುಗಳ ಮೇಲೆ ಎರಡೆರಡು ಸಲ ಎಣಿಸಿದಳು. ಎಣಿಕೆ ಬದಲಾಗಲಿಲ್ಲ. ಐವತ್ತೇಳು ವರ್ಷದ ಅವಮಾನ ತೊಳೆಯುವ ನೀರು ಸಿಕ್ಕಿತು, ಅದರಲ್ಲಿ ಮೊಮ್ಮಗನ ಮದುವೆಯೇ ತೇಲಿಹೋಗುತ್ತಿತ್ತು.

“ಯಾರ ಮನೆ ಹುಡುಗಿ?” ಅನಾರ್ಕುಲ್ ಕೇಳಿದಳು.

“ಎಲ್ಮಿರ್ಜಾ ಅಂತ, ಮೇಷ್ಟ್ರು. ಇಷ್ಟುದ್ದ ಮೂಗು.”

“ಓ, ಕೊಂಡುತಂದವನ ಮನೆಯೋರಾ!” ಮುದುಕಿಯ ಹಲ್ಲಿಲ್ಲದ ಬಾಯಿ ಅರಳಿತು. “ಝಯ್ನಾಪತ್ತೆ ಇದನ್ನ ಹೇಳಿ ಹೇಳಿ ನಗ್ತಿದ್ಲು. ಎಸೆನ್‌ಬಾಕ್‌ಗೆ ಇಬ್ಬರು ಗಂಡುಮಕ್ಕಳು. ಚೊಮೊಯ್ ಹೆತ್ತದ್ದು. ಇನ್ನೊಬ್ಬನ್ನ ಯಾರೋ ದಾರಿಹೋಕರ ಹತ್ರ ಒಂದು ಕುಂಟು ಹೆಣ್ಣುಗುದುರೆ ಕೊಟ್ಟು ತಂದದ್ದು. ಯಾರ ಮಗು, ಎಲ್ಲಿಯದು, ಯಾರಿಗೂ ಗೊತ್ತಿಲ್ಲ. ಹೆಸ್ರೇ ಸಾತಿಬಾಲ್ದಿ, ಕೊಂಡುತಂದವ ಅಂತ. ಆ ಮನೇಲಿ ಸೊಸೆಯಂದಿರು ಜಗಳ ಆಡ್ದಾಗ ಅನ್ನೋ ಮಾತೇ ಅದು: ನಿಮ್ಮ ಮೂಗಿಗೆ ಕುಂಟುಗುದುರೆ ಬೆಲೆ.”

ಬುರುಲ್ಚಾಳ ಕಣ್ಣ ಮುಂದೆ ಬಿಸಿಲು ಬಿದ್ದ ಸುರುಳಿ ಬಂದು ನಿಂತಿತು. ಎಸೆನ್‌ಬಾಕ್‌ನ ಹೆಸರಿನ ಕೆಳಗೆ ತೆಳ್ಳಗಾದ ಕಾಗದ, ಇಣುಕುವ ಗುಲಾಬಿ ಹೂವು.

ಊರಿಗೆ ಬಂದವಳು ಅಂಗಡಿಯ ಮುಂದೆ ನಿಂತು ಇದನ್ನು ಕೂಗಿ ಹೇಳಬಹುದಿತ್ತು. ಎರ್ನಿಸ್ ಹಾಗೇ ಮಾಡಿ ಎಂದ. ಕೆನೆದ ಹುಡುಗರನ್ನೆಲ್ಲ ಸೇರಿಸುತ್ತೇನೆ ಎಂದ. “ಬಾಯ್ಮುಚ್ಚು,” ಎಂದಳು ಅವಳು. “ತಂದೆ ಗೊತ್ತಿಲ್ಲ ಅಂತ ಅನ್ನಿಸ್ಕೊಳ್ಳೋದು ಹೇಗಿರತ್ತೆ ಅಂತ ಈ ಊರಲ್ಲಿ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?” ಮಧ್ಯಾಹ್ನ ಒಂದು ಬಟ್ಟಲು ಜಲ್ದರು ಮುರಬ್ಬ ಹಿಡಿದು ಒಬ್ಬಳೇ ಮೇಷ್ಟ್ರ ಮನೆಗೆ ಹೋದಳು.

ಮೇಷ್ಟ್ರು ಒಬ್ಬನೇ ಇದ್ದ. ಅವಳು ಎರ್ನಿಸ್ ಬರೆದ ಹಾಳೆ ಮುಂದಿಟ್ಟಳು, ಅನಾಥಾಲಯದ ನಕಲು, ಕರಿಮೀಸೆ, ಝಯ್ನಾಪ್, ಕಿವಿ, ಕುರಿ, ಎಲ್ಲ ಹೇಳಿದಳು. ಮೇಷ್ಟ್ರ ಬೆರಳು ಸುರುಳಿಯ ಮೇಲೆ ಓಡಿ ಒಂದು ಕಡೆ ನಿಂತಿತು. ಬೊರೊನ್‌ಬಾಯ್‌ನ ಮಗ ಶಾಮೆನ್, ಅಲ್ಲಿಂದ ಒಂದು ಗೆರೆ, ಗೆರೆಯ ತುದಿಯಲ್ಲಿ ಅವನದೇ ಅಕ್ಷರ: ‘ಚೀನಾದ ಹಾದಿಯಲ್ಲಿ ಮುಗಿಯಿತು.’

“ಮುಗಿದಿಲ್ಲ,” ಎಂದಳು ಬುರುಲ್ಚಾ. “ನಿಮ್ಮ ಆಸ್ಪತ್ರೆ ಬಾಗಿಲಲ್ಲಿ ಜ್ವರ ಅಂತ ಕೂತಿರತ್ತೆ.”

ಮೇಷ್ಟ್ರಿಗೆ ಮೊದಲು ಸಂತೋಷವೇ ಆಯಿತು. ಒಣಗಿದ ಕೊಂಬೆ ಚಿಗುರಿದರೆ ಸುರುಳಿ ಬರೆದವನಿಗೆ ಅದಕ್ಕಿಂತ ಹಬ್ಬ ಬೇರೆ ಇಲ್ಲ. ಆಮೇಲೆ ಎಣಿಸಿದ. ಮುಖ ಬಿಗಿಯಿತು. “ಆದ್ರೆ ಅತ್ತಿಗೆ, ಎಸೆನ್‌ಬಾಕ್ ನಮ್ಮ ಹುಡುಗಿಗೆ ಏಳನೆಯವನು. ಕೊಡೋ ಹಾಗಿಲ್ಲ. ನಿಯಮ.”

ಬುರುಲ್ಚಾ ಎಸೆನ್‌ಬಾಕ್‌ನ ಹೆಸರಿನ ಕೆಳಗೆ, ಕಾಗದ ತೆಳ್ಳಗಾದ ಜಾಗದ ಮೇಲೆ ತನ್ನ ತೋರುಬೆರಳು ಇಟ್ಟಳು. ಬೆರಳಿನ ತುದಿಗೆ ಮುರಬ್ಬ ಅಂಟಿತ್ತು. ಇಟ್ಟ ಬೆರಳು ತೆಗೆಯಲಿಲ್ಲ.

ಚಹಾ ಆರಿತು. ಮೇಷ್ಟ್ರು ಮೂಗು ಉಜ್ಜಿಕೊಂಡ. ಅದು ಉಜ್ಜಲು ಹೊತ್ತು ಹಿಡಿಯುವ ಮೂಗು.

“ಯಾರು ಹೇಳಿದ್ರು?” ಎಂದ ಕೊನೆಗೆ.

“ಯಾರಾದ್ರೇನು? ಹೆಂಗಸರು.”

“ನಮ್ಮಜ್ಜ ಸಾಯೋವಾಗ ಹೇಳಿದ್ದ. ಬರೀಬೇಕು ಅಂತಾನೇ ಬರ್ದೆ. ಆಮೇಲೆ ನೋಡ್ದಾಗೆಲ್ಲ ಅದೊಂದೇ ಹೆಸ್ರು ಕಣ್ಣಿಗೆ ಚುಚ್ತಿತ್ತು.” ಅವನ ದನಿ ಸಣ್ಣಗಾಗಿತ್ತು. “ಎಲ್ಲರ ಮನೆ ಬೇರು ಕೇಳ್ಕೊಂಡು ತಿರುಗಿದೋನು ನಾನು. ನನ್ನ ಬೇರು ಒಂದು ಕುಂಟುಗುದುರೆ ಹತ್ರ ನಿಲ್ಲತ್ತೆ.”

“ನಮ್ಮದು ಟ್ರ್ಯಾಕ್ಟರ್ ಹತ್ರ ನಿಂತಿತ್ತು ಮೇಷ್ಟ್ರೇ. ಕುದುರೆ ವಾಸಿ, ಅದಕ್ಕೆ ಡೀಸೆಲ್ ಬೇಡ,” ಎಂದಳು ಬುರುಲ್ಚಾ. “ಆ ಮಗು ಬೇಕಾಗಿತ್ತು ಅಂತ ತಾನೇ ಕುದುರೆ ಕೊಟ್ಟು ತಂದ್ರು? ಹೆತ್ತ ಮಕ್ಕಳಿಗೆ ಯಾರೂ ಕುದುರೆ ಕೊಡಲ್ಲ. ನಾನೇನೂ ಹೇಳೋಕೆ ಬಂದಿಲ್ಲ. ಮುರಬ್ಬ ಕೊಡೋಕೆ ಬಂದೆ. ನೆನಪು ಮಾಡ್ಕೊಳ್ಳೋದು ನೀವು.”

ಅವಳು ಬಾಗಿಲು ದಾಟುವಾಗ ಹಿಂದಿನಿಂದ ಪೆನ್ಸಿಲ್ ಕೆತ್ತುವ ಸದ್ದು ಕೇಳಿಸಿತು.

ದನಕರು ಬೆಟ್ಟದಿಂದ ಇಳಿದ ವಾರ ಮೇಷ್ಟ್ರು ಊರವರ ಮುಂದೆ ಸುರುಳಿ ಬಿಚ್ಚಿದ. ಇಷ್ಟು ವರ್ಷ ತನ್ನ ಕಣ್ಣು ತಪ್ಪಿದ ಒಂದು ಹೆಸರು ಮತ್ತೆ ನೋಡುವಾಗ ಸಿಕ್ಕಿತು ಎಂದ. ತಪ್ಪಿದ್ದು ಕಣ್ಣಲ್ಲ ಎಂದು ಗೊತ್ತಿದ್ದವಳು ತುಟಿ ಬಿಗಿಹಿಡಿದು ಬೋರ್ಸೋಕ್ ಮುರಿಯುತ್ತಿದ್ದಳು. ಸಾತಿಬಾಲ್ದಿ, ಎಸೆನ್‌ಬಾಕ್ ಕೊಂಡುತಂದ ಮಗ. ಕುದುರೆ ಕೊಟ್ಟು, ಎಂದ. ಕುಂಟು ಎನ್ನುವುದನ್ನು ನುಂಗಿದ, ಅಷ್ಟು ನುಂಗಿದರೆ ಯಾರಿಗೂ ನಷ್ಟವಿಲ್ಲ. ಈಗ ಎಸೆನ್‌ಬಾಕ್ ನಡುವೆ ಒಂದು ಹೆಸರು ಸೇರಿ ಇಬ್ಬರಿಗೂ ಎಂಟನೆಯವನು. ಅಲ್ಲದೆ ರಕ್ತವೇ ಬೇರೆ. ಅಂಗಡಿಯ ಮುಂದೆ ಯಾರೋ ಸಣ್ಣಗೆ ಕೆನೆದರು. ಮೇಷ್ಟ್ರು ಆ ಕಡೆ ತಿರುಗಿ ತನ್ನ ಉದ್ದ ಮೂಗನ್ನು ಹಿಡಿದು ತೋರಿಸಿ, “ಹೌದಪ್ಪ, ಆ ಕುದುರೆ ಬೆಲೆ ಇದು,” ಎಂದ. ಜನ ನಕ್ಕರು, ಆದರೆ ಆಮೇಲೆ ಯಾರೂ ಕೆನೆಯಲಿಲ್ಲ. ಕಲ್ಲುಸಕ್ಕರೆ ಪೆಟ್ಟಿಗೆ ಬಾಲಿಕ್ಚಿಗೆ ವಾಪಸು ಹೋಯಿತು, ಅರ್ಧ ಖಾಲಿಯಾಗಿ.

ಓಲೆಯ ದಿನ ಅದೇ ಕೋಣೆ, ಅದೇ ಬಟ್ಟಲುಗಳು. “ಹೇಳಪ್ಪ,” ಎಂದ ಮೇಷ್ಟ್ರು. ಎರ್ನಿಸ್ ಬೆಗಿಮಾಯ್‌ಳನ್ನು ನೋಡಿದ್ದೇ ತಪ್ಪಾಯಿತು. “ಉಸೆನ್, ಸಾದಿರ್, ಕಾಚ್‌ಕಿನ್,” ಎಂದು ಹಳೆಯ ಅಭ್ಯಾಸದಂತೆ ಮೂರಕ್ಕೇ ನಿಂತುಬಿಟ್ಟ. ಹೆಸರುಗಳನ್ನೆಲ್ಲ ಹುಡುಕಿ ತಂದವಳು ಬುರುಲ್ಚಾ, ಅವುಗಳಲ್ಲಿ ಒಂದನ್ನೂ ಬಾಯಿಬಿಟ್ಟು ಹೇಳುವಂತಿಲ್ಲದವಳೂ ಅವಳೇ.

“ಕರಿಮೀಸೆ,” ಎಂದಳು ಅವಳು ಬಟ್ಟಲಿನೊಳಗೆ ನೋಡುತ್ತಾ.

“ಶಾಮೆನ್,” ಎಂದ ಎರ್ನಿಸ್.

“ಬೂದುಗುದುರೆ.”

“ಬೊರೊನ್‌ಬಾಯ್.”

“ಅವರ ಅಪ್ಪ. ಗೊರಕೆಯವರು.” ಅದು ಆಗಲೇ ಹುಟ್ಟಿದ ಹೆಸರು. ನೂರೈವತ್ತು ವರ್ಷದ ಹಿಂದೆ ಸತ್ತ ಮನುಷ್ಯನ ಗೊರಕೆ ಅವಳಿಗೆ ಹೇಗೆ ಕೇಳಿಸಿತೋ.

“ತೊಕೊಶ್. ಚೊಮೊಯ್,” ಎಂದು ಎರ್ನಿಸ್ ಒಂದೇ ಉಸಿರಿನಲ್ಲಿ ಏಳು ಮುಗಿಸಿದ. ಬುರುಲ್ಚಾ ಕರವಸ್ತ್ರದ ಗಂಟು ಬಿಚ್ಚಿದಳು. ಬೆಗಿಮಾಯ್ ತಾನೇ ತಲೆ ಬಾಗಿಸಿ ಕಿವಿ ಹತ್ತಿರ ತಂದಳು.

ಮಾಂಸ ಹಂಚುವಾಗ ಮೇಷ್ಟ್ರು ಕುರಿಯ ಕಿವಿ ಕತ್ತರಿಸಿ ಬುರುಲ್ಚಾಳ ತಟ್ಟೆಗೆ ಹಾಕಿದ. “ಅತ್ತಿಗೆ, ಲೆಕ್ಕದ ಪ್ರಕಾರ ಈಗ ನಾನೂ ನಿಮ್ಮ ಗಂಡನ ಕಡೆಯವನು. ನನ್ನ ಹೆಸ್ರೂ ನೀವು ಹೇಳಬಾರ್ದು ಅಲ್ವಾ? ಏನಂತ ಕರೀತೀರಿ?”

“ಅದು ಜೂನ್‌ನಲ್ಲೇ ಇಟ್ಟಾಗಿದೆ.”

“ಏನಂತ?”

ಬುರುಲ್ಚಾ ಆ ಕಿವಿಯನ್ನು ಚೀಪುತ್ತಾ ಬಾಗಿಲವರೆಗೂ ಹಾಸಿದ್ದ ಸುರುಳಿಯನ್ನು ನೋಡಿದಳು.

“ಗೋಡೆಕಾಗದ,” ಎಂದಳು.